ಎರಡನೆಯ ಕತ್ತರಿ

ಕಡ್ಡಿ ಗೀರಿದ ಸದ್ದು. ಮೊದಲ ಸಲ ಹತ್ತಲಿಲ್ಲ, ಎರಡನೆಯ ಸಲ ಚುರ್ ಎಂದಿತು. ಕರೆಂಟು ಹೋಗಿ ಫ್ಯಾನು ನಿಂತಿದ್ದ ಮನೆಯಲ್ಲಿ ಅದೊಂದೇ ಸದ್ದು. ಪಕ್ಕದ ಕೋಣೆಯಲ್ಲಿ ಅತ್ತೆ ಮೇಣದಬತ್ತಿ ಹಚ್ಚುತ್ತಿದ್ದಾರೆ ಎಂದು ಅರೆನಿದ್ದೆಯಲ್ಲೇ ಅವಳಿಗೆ ತಿಳಿಯಿತು, ಮಗ್ಗುಲು ಬದಲಿಸಿದಳು. ಆಮೇಲೆ ಅದು ಬಂತು. ಬಾಗಿಲ ಸಂದಿಯಿಂದ, ನೆಲಕ್ಕಂಟಿಕೊಂಡು ಹರಿದು ಬಂದಂತೆ, ಮೂಗಿನ ಒಳಗೆಲ್ಲೋ ತೀರ ಹಿಂದೆ ಸೂಜಿಯಿಂದ ಚುಚ್ಚಿದಂತೆ: ಗಂಧಕ. ಅವಳು ಎದ್ದು ಕುಳಿತಳು. ಉಸಿರು ಬಿಟ್ಟರೆ ಎಲ್ಲಿ ಹೊರಟುಹೋಗುತ್ತದೋ ಎಂದು ಹಿಡಿದುಕೊಂಡೇ ಕುಳಿತಳು. ಮೂರು ತಿಂಗಳಾಗಿತ್ತು. ಜ್ವರ ಬಿಟ್ಟ ಬೆಳಿಗ್ಗೆ ಮುಖ ತೊಳೆಯಲೆಂದು ಸೋಪು ತೆಗೆದುಕೊಂಡರೆ ಅದು ವಾಸನೆಯೇ ಇಲ್ಲದೆ ಕಲ್ಲಿನ ತುಂಡಿನ ಹಾಗೆ ಸುಮ್ಮನಿತ್ತು. ಅಂದಿನಿಂದ ಯಾರೋ ಲೋಕಕ್ಕೆಲ್ಲ ಗಾಜಿನ ಮುಚ್ಚಳ ಹಾಕಿಟ್ಟಂತೆ ಎಲ್ಲವೂ ಕಾಣುತ್ತಿತ್ತು, ಯಾವುದೂ ಹತ್ತಿರ ಬರುತ್ತಿರಲಿಲ್ಲ. ಯಾರಿಗೂ ಹೇಳಿರಲಿಲ್ಲ. ಪಕ್ಕದಲ್ಲಿ ಮಲಗಿರುವ ಗಂಡನಿಗೂ.

"ಯಾಕೇ, ನಿನಗೂ ಸೆಕೆನಾ?" ಎಂದರು ಅತ್ತೆ, ಬಾಗಿಲಲ್ಲಿ ನಿಂತವಳನ್ನು ನೋಡಿ.

"ಇಲ್ಲ ಅತ್ತೆ, ನೀರು ಕುಡಿಯೋಣ ಅಂತ."

"ನೀರು ಅಡುಗೆಮನೇಲಿದೆ, ನನ್ನ ಕೋಣೇಲಲ್ಲ."

"ಬೆಂಕಿಪೆಟ್ಟಿಗೆ ಕೊಡಿ ಸ್ವಲ್ಪ."

"ಬೆಂಕಿ ಹಚ್ಚಿ ನೀರು ಹುಡುಕೋಳು ಲೋಕದಲ್ಲಿ ನೀನೊಬ್ಬಳೇ," ಎಂದು ಅತ್ತೆ ಪೆಟ್ಟಿಗೆ ಕೊಟ್ಟು, ಮತ್ತೆ ಕಾಲು ಚಾಚಿದರು.

ಅಡುಗೆಮನೆಯ ಕಟ್ಟೆಯ ಮುಂದೆ ಅವಳು ತನ್ನ ಉಣ್ಣೆ ಶಾಲಿನಿಂದ ಒಂದು ಎಳೆ ಕಿತ್ತು ಜ್ವಾಲೆಗೆ ಹಿಡಿದಳು. ಎಳೆ ಬೆಂಕಿಗೆ ಹೆದರಿದಂತೆ ಮುದುಡಿತು, ಉರಿಯಲೋ ಬೇಡವೋ ಎಂದು ಒಂದು ಗಳಿಗೆ ಹಿಂದೆ ಮುಂದೆ ನೋಡಿ ತಾನಾಗಿ ಆರಿತು, ತುದಿಯಲ್ಲಿ ಕರಿಯ ಹರಳು ಬಿಟ್ಟಿತು. ಸುಟ್ಟ ಕೂದಲಿನ ನಾತ! ಅಷ್ಟು ಒಳ್ಳೆಯ ನಾತವನ್ನು ಅವಳು ಜೀವಮಾನದಲ್ಲಿ ಮೂಸಿರಲಿಲ್ಲ. ಕರವಸ್ತ್ರದ ಎಳೆ ಸುಟ್ಟಳು: ಹತ್ತಿ, ಕಾಗದ ಸುಟ್ಟ ವಾಸನೆ, ಊದಿದರೆ ಹಾರುವ ಬೂದಿ. ಗಂಡನ ಕಾಲುಚೀಲ ಹಗ್ಗದ ಮೇಲಿತ್ತು. ಒಂದೇ ಎಳೆ ಎಂದು ಎಳೆದವಳು ಸಂಭ್ರಮದಲ್ಲಿ ಹಿಮ್ಮಡಿಯನ್ನೇ ಸುಟ್ಟುಬಿಟ್ಟಳು. ನೈಲಾನು ಕರಗಿ ತೊಟ್ಟಿಕ್ಕಿತು, ಹಸಿ ಸೊಪ್ಪಿನ ದಂಟು ಬೆಂದಂಥ ವಾಸನೆ ಅಡುಗೆಮನೆಯಲ್ಲಿ ಎದ್ದಿತು, ಕತ್ತಲಲ್ಲಿ ಒಬ್ಬಳೇ ನಿಂತು ಅವಳು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು.

"ನನ್ನ ಕಾಲುಚೀಲ ಇಲಿ ತಿಂದಿದೆ ನೋಡೇ," ಎಂದ ಗಂಡ ಬೆಳಿಗ್ಗೆ. "ನಮ್ಮನೆ ಇಲಿ ಸುಟ್ಟುಕೊಂಡು ತಿನ್ನುತ್ತೆ ಕಣೋ," ಎಂದರು ಅತ್ತೆ, ಸೊಸೆಯ ಕಡೆ ನೋಡದೆ. ಆಗಲೇ ಹೇಳಿಬಿಡಬಹುದಿತ್ತು. ಆದರೆ ಬಂದಿದೆ ಎನ್ನಬೇಕಾದರೆ ಹೋಗಿತ್ತು ಎನ್ನಬೇಕು. ಹೋಗಿತ್ತು ಎಂದರೆ ಹಾಗಾದರೆ ಈ ಮೂರು ತಿಂಗಳು ಕಚೇರಿಯಲ್ಲಿ ಏನು ಮಾಡುತ್ತಿದ್ದೆ ಎಂದು ಇವರಲ್ಲಿ ಒಬ್ಬರಾದರೂ ಕೇಳುತ್ತಾರೆ. ಅವಳು ಚೀಲ ಹೆಗಲಿಗೇರಿಸಿ ಬಸ್ಸು ಹತ್ತಿದಳು.

ಬಸ್ಸಿನಲ್ಲಿ ಜನ ಒಬ್ಬರ ಮೇಲೊಬ್ಬರು ಒರಗಿ ನಿಂತಿದ್ದರು. ಅವಳಿಗೆ ಎಲ್ಲರನ್ನೂ ಅಪ್ಪಿಕೊಳ್ಳಬೇಕೆನ್ನಿಸಿತು. ಮುಂದೆ ನಿಂತವನದು ಪಾಲಿಯೆಸ್ಟರ್ ಅಂಗಿ. ಎಷ್ಟು ಒಗೆದರೂ ನಿನ್ನೆ ಮೊನ್ನೆಯ ಬೆವರಿನ ಜಿಡ್ಡನ್ನು ಬಿಡದೆ ಹಿಡಿದಿಟ್ಟುಕೊಂಡಿದೆ, ಹಳೆಯ ದ್ವೇಷದ ಹಾಗೆ. ಎಡಗಡೆಯ ಮುದುಕಿಯದು ಹತ್ತಿ, ಬೆವರನ್ನು ಕುಡಿದು ಗಾಳಿಗೆ ಬಿಟ್ಟುಕೊಟ್ಟಿದೆ. ನೀರಿನ, ಬಿಸಿಲಿನ, ಇಸ್ತ್ರಿಯ ವಾಸನೆ ಮಾತ್ರ ಉಳಿದಿದೆ. ಕಿಟಕಿಯ ಪಕ್ಕದಲ್ಲಿ ಯಾರದೋ ಕಾಲಡಿ ಮಡಚಿಟ್ಟ ಸೆಣಬಿನ ಚೀಲ, ಒಳಗೆ ಎಂದೋ ತುಂಬಿದ್ದ ಕಾಳಿನ ಧೂಳು. ಒಂದು ಎಳೆಯೂ ಸುಳ್ಳು ಹೇಳುತ್ತಿರಲಿಲ್ಲ. ಕಾಲೇಜಿನಲ್ಲಿ ಓದುವಾಗ ಮೇಷ್ಟರು ಹೇಳುತ್ತಿದ್ದರು: ಗಿಡದಿಂದ ಬಂದದ್ದು ಕಾಗದದ ಹಾಗೆ ಉರಿಯುತ್ತದೆ, ಪ್ರಾಣಿಯಿಂದ ಬಂದದ್ದು ಕೂದಲಿನ ಹಾಗೆ, ಕಾರ್ಖಾನೆಯಿಂದ ಬಂದದ್ದು ಕರಗುತ್ತದೆ, ಸಾಯುವಾಗ ಪ್ರತಿಯೊಂದಕ್ಕೂ ತನ್ನ ತವರಿನ ನೆನಪಾಗುತ್ತದೆ. ಹುಡುಗಿಯರು ನಗುತ್ತಿದ್ದರು. ಅವಳು ನಗದೆ ಬರೆದುಕೊಂಡಿದ್ದಳು. ಕಣ್ಣು ಕಟ್ಟಿಕೊಂಡು ಹನ್ನೆರಡಕ್ಕೆ ಹನ್ನೆರಡು ಎಳೆಗಳನ್ನು ಹೇಳಿದ ದಿನ ಮೇಷ್ಟರೇ ಎದ್ದು ನಿಂತಿದ್ದರು. ಆ ಕಥೆ ಅವಳಿಗಿಂತ ಮೊದಲೇ ಬಟ್ಟೆ ಪರೀಕ್ಷಾಲಯಕ್ಕೆ ಬಂದು ಕುರ್ಚಿ ಹಿಡಿದು ಕುಳಿತಿತ್ತು. ಮೂಗಿನ ಮೇಡಂ ಎನ್ನುತ್ತಿದ್ದರು ಅಲ್ಲಿ. ದೊಡ್ಡ ಸಾಹೇಬರಂತೂ ಹೊರಗಿನವರು ಯಾರೇ ಬರಲಿ, ಯಂತ್ರಗಳನ್ನು ತೋರಿಸುವ ಮೊದಲು ಅವಳ ಮೂಗನ್ನು ತೋರಿಸುತ್ತಿದ್ದರು. ಮೂಗಿಗಿಂತ ಮೂಗುತಿ ಭಾರ ಅಂತಾರಲ್ಲ, ಹಾಗಾಗಿತ್ತು. ಮೂಗು ಹೋದ ಮೇಲೂ ಮೂಗುತಿ ಉಳಿದಿತ್ತು.

ಮೂರು ತಿಂಗಳು ಅವಳು ಕಣ್ಣಿನಿಂದ ಮೂಸಿದ್ದಳು. ಎಳೆಯನ್ನು ಚಿಮುಟದಲ್ಲಿ ಹಿಡಿದು ದೀಪಕ್ಕೊಡ್ಡಿ, ಹೊಗೆಯನ್ನು ಮೂಗಿನ ಹತ್ತಿರ ತಂದು, ಕಣ್ಣು ಮುಚ್ಚಿ ತಲೆಯಾಡಿಸಿ, ಬೂದಿ ಪುಡಿಯಾಗುತ್ತದೋ ಹರಳಾಗುತ್ತದೋ ಎಂದು ಬೆರಳಿನಿಂದ ಒತ್ತಿ ನೋಡಿ ಬರೆದಿದ್ದಳು. ತಕರಾರಿನ ಬಟ್ಟೆಗಳು ಹೇಗೂ ಗಾಜಿನ ಗೋಡೆಯ ಆಚೆ ಸೂಕ್ಷ್ಮದರ್ಶಕಕ್ಕೆ ಹೋಗುತ್ತಿದ್ದವು. ಸಾಮಾನ್ಯದವಕ್ಕೆ ಅವಳು ಬರೆದದ್ದೇ ಕೊನೆ. ಆ ಗಾಜಿನಾಚೆ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟು ಕೂರುವವಳನ್ನು ಎಲ್ಲರೂ ದುರ್ಬೀನಮ್ಮ ಎನ್ನುತ್ತಿದ್ದರು. ಅವಳಿಗಿಂತ ಹದಿನೈದು ವರ್ಷ ದೊಡ್ಡವಳು, ನಿವೃತ್ತಿಗೆ ಹತ್ತಿರ, ಒಂದು ಕಣ್ಣು ಸದಾ ಅರೆಮುಚ್ಚಿ ಇನ್ನೊಂದರಿಂದ ಜನರನ್ನೂ ಗಾಜಿನ ಮೇಲಿಟ್ಟ ಎಳೆಯ ಹಾಗೆಯೇ ನೋಡುವ ಹೆಂಗಸು. ಜ್ವರ ಬಿಟ್ಟು ಕೆಲಸಕ್ಕೆ ಮರಳಿದ ಎರಡನೆಯ ದಿನ, ಕಾಫಿ ಕಾಯಿಸುವ ಮೂಲೆಯಲ್ಲಿ ಹಾಲಿನ ಪಕ್ಕದಲ್ಲೇ ನಿಂತು ಅವಳು ಏನನ್ನೋ ಓದುತ್ತಿದ್ದಳು. "ಏನಮ್ಮ ಮೂಗಿನ ರಾಣಿ," ಎಂಬ ಕೂಗು ಕೇಳಿ ತಿರುಗಿದರೆ ಪಾತ್ರೆ ತಳ ಹಿಡಿದು ಕರ್ರಗಾಗಿದೆ, ಇಡೀ ಮಹಡಿಯ ಜನ ಮೂಗು ಮುಚ್ಚಿಕೊಂಡು ಬಾಗಿಲಲ್ಲಿ ನಿಂತಿದ್ದಾರೆ. "ಏನೋ ಯೋಚನೆ ಮಾಡ್ತಿದ್ದೆ," ಎಂದಿದ್ದಳು. "ಯೋಚನೆ ಮೂಗಿನಲ್ಲಿ ಮಾಡ್ತೀಯೇನೋ," ಎಂದಿದ್ದಳು ದುರ್ಬೀನಮ್ಮ. ಎಲ್ಲರೂ ನಕ್ಕಿದ್ದರು. ಆ ತೆರೆದ ಕಣ್ಣು ಮಾತ್ರ ನಗದೆ ತನ್ನ ಮೇಲೇ ನಿಂತಿದ್ದನ್ನು ಅವಳು ಇವತ್ತಿಗೂ ಬೆನ್ನ ಮೇಲೆ ಹೊತ್ತು ತಿರುಗುತ್ತಿದ್ದಳು.

ಕಚೇರಿಯ ಮೆಟ್ಟಿಲನ್ನು ಇವತ್ತು ಎರಡೆರಡಾಗಿ ಹತ್ತಿದಳು. ಅಂಟಿನ ವಾಸನೆ, ಸ್ಪಿರಿಟ್ಟಿನ ವಾಸನೆ, ಹಳೆ ಫೈಲುಗಳ ಮುಗ್ಗಲು. ಹನ್ನೊಂದು ಗಂಟೆಗೆ ದೊಡ್ಡ ಸಾಹೇಬರು ಇಬ್ಬರನ್ನು ಕರೆತಂದರು, "ನೋಡಿ, ಇವರೇ," ಎಂದರು, ಗೂಡಿನಲ್ಲಿರುವ ಪ್ರಾಣಿಯನ್ನು ತೋರಿಸಿದಂತೆ. ಇಂಥ ಗಳಿಗೆಗಳಲ್ಲಿ ಮೂರು ತಿಂಗಳಿಂದ ಅವಳ ಅಂಗೈ ಒದ್ದೆಯಾಗುತ್ತಿತ್ತು. ಇವತ್ತು ಬಂದವರಲ್ಲೊಬ್ಬ ತನ್ನ ಟೈಯ ಒಳಗಿನಿಂದ ಒಂದು ಎಳೆ ಕೊಟ್ಟ, "ಶುದ್ಧ ರೇಷ್ಮೆ, ಹೆಂಡತಿ ಕೊಡಿಸಿದ್ದು," ಎಂದ. ಅವಳು ಬೇಕೆಂದೇ ಕಣ್ಣು ಮುಚ್ಚಿ ಸುಟ್ಟಳು. ಕಾಗದ. ಒದ್ದೆ ಕಾಗದವನ್ನು ಒಣಗಿಸಿ ಸುಟ್ಟಂತೆ, ಅಷ್ಟೆ. ಕೂದಲಿನ ಸುಳಿವೇ ಇಲ್ಲ. ಮರದ ತಿರುಳನ್ನು ಕರಗಿಸಿ ಎಳೆ ತೆಗೆದ ರೇಯಾನು, ರೇಷ್ಮೆಯ ಹೊಳಪನ್ನು ಮೈಮೇಲೆ ಹೊದ್ದು ಬಂದಿದೆ. "ಬಣ್ಣ ತುಂಬ ಚೆನ್ನಾಗಿದೆ," ಎಂದಳು. ಗಾಜಿನಾಚೆಯಿಂದ ದುರ್ಬೀನಮ್ಮ ತಲೆಯೆತ್ತಿದಳು. "ರೇಷ್ಮೆ ತಾನೇ?" ಎಂದ ಅವನು. "ಹೆಂಡತಿ ಕೊಡಿಸಿದ್ದನ್ನ ಸುಡಬಾರದಿತ್ತು ಸಾರ್," ಎಂದಳು. ಎಲ್ಲರೂ ಹೋ ಎಂದು ನಕ್ಕರು. ಅವನೂ ಸ್ವಲ್ಪ ತಡವಾಗಿ ನಕ್ಕ. ತನಗೆ ಇಷ್ಟು ಮಾತು ಬರುತ್ತದೆಂದು ಅವಳಿಗೇ ಗೊತ್ತಿರಲಿಲ್ಲ.

ಸಾಹೇಬರು ಬಂದವರನ್ನು ಊಟಕ್ಕೆ ಕರೆದೊಯ್ದರು. ಅವರ ಬೂಟಿನ ಸದ್ದು ಮೆಟ್ಟಿಲಲ್ಲಿ ಇಳಿಯುತ್ತಿದ್ದ ಹಾಗೆ ಅವಳ ಸಂಭ್ರಮದ ಅಡಿಯಲ್ಲಿ ಬೆಳಗಿನಿಂದ ಮಲಗಿದ್ದದ್ದು ಎದ್ದು ಕುಳಿತಿತು. ಮೂರು ತಿಂಗಳು ಬರೆದದ್ದು ಸರಿಯೋ ತಪ್ಪೋ ಈಗ ಗೊತ್ತು ಮಾಡಿಕೊಳ್ಳಬಹುದು. ನಿನ್ನೆಯವರೆಗೆ ಬೇಕೆಂದರೂ ಆಗುತ್ತಿರಲಿಲ್ಲ, ಅದೊಂದು ನೆಮ್ಮದಿಯಾಗಿತ್ತು. ಗೋಡೆಯ ಬೀರುವಿನಲ್ಲಿ, ಪರೀಕ್ಷೆಗೆ ಬಂದ ಪ್ರತಿಯೊಂದು ಬಟ್ಟೆಯ ಅಂಗೈಯಗಲದ ತುಂಡು ಒಂದೊಂದು ಲಕೋಟೆಯಲ್ಲಿ ಒಂದು ವರ್ಷ ಇರುತ್ತದೆ. ನಾಳೆ ಯಾರಾದರೂ ಪ್ರಶ್ನಿಸಿದರೆ ಇರಲಿ ಎಂದು. ಜ್ವರದಿಂದ ಈಚಿನವು ಮೂವತ್ತೊಂಬತ್ತು. ಅವಳು ತಟ್ಟೆ, ದೀಪ, ಚಿಮುಟಗಳನ್ನು ಒಳಕೋಣೆಗೆ ಒಯ್ದು, ಬಾಗಿಲು ಓರೆ ಮಾಡಿಕೊಂಡಳು.

ಮೊದಲನೆಯದು ಹಾಸಿಗೆಯ ಹೊದಿಕೆ. ಹತ್ತಿ ಎಂದು ಬರೆದಿದ್ದಳು, ಹತ್ತಿಯೇ. ಎರಡನೆಯದು ಲಿನನ್, ಅಗಸೆಯ ಕಾಂಡದ ಒಣಹುಲ್ಲಿನ ವಾಸನೆ, ಸರಿ. ಮೂರು, ಸರಿ. ನಾಲ್ಕನೆಯದನ್ನು ಕತ್ತರಿಸಲು ಹೋದಾಗ ಕಂಡಿತು. ಎಳೆ ಬಿಚ್ಚಿಕೊಳ್ಳಬಾರದೆಂದು ಅವಳು ಕತ್ತರಿಸುವುದು ಹಲ್ಲುಹಲ್ಲು ಅಂಚಿನ ಕತ್ತರಿಯಲ್ಲಿ. ಆ ಕತ್ತರಿಯ ಹಲ್ಲಿನ ಗುರುತು ಬಲಮೂಲೆಯಲ್ಲಿತ್ತು. ಎಡಮೂಲೆಯಲ್ಲಿ ಇನ್ನೊಂದು ಗಾಯ, ಕಡ್ಡಿಯಷ್ಟಗಲ, ನೇರ, ಚೊಕ್ಕ. ಬೇರೆ ಕತ್ತರಿ. ಹಿಂದಿನ ಮೂರನ್ನು ಮತ್ತೆ ತೆಗೆದು ನೋಡಿದಳು. ಮೊದಲ ಎರಡರಲ್ಲಿ ಇರಲಿಲ್ಲ, ಮೂರನೆಯದರಲ್ಲಿ ಇತ್ತು. ಮೂರನೆಯದು ಹಾಲು ತಳ ಹಿಡಿದ ದಿನದ್ದು. ಐದು, ಆರು, ಏಳು, ಎಲ್ಲದರಲ್ಲೂ ಅದೇ ಎಡಮೂಲೆ, ಅದೇ ನೇರ ಅಂಚು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡವರ ಹಾಗೆ ಅವಳು ಹಿಂತಿರುಗಿ ಬಾಗಿಲನ್ನು ನೋಡಿದಳು. ಯಾರೋ ಮೂರು ತಿಂಗಳಿಂದ ತನ್ನ ಹಿಂದೆಯೇ ಬರುತ್ತಿದ್ದಾರೆ. ಒಂದೊಂದೇ ಎಳೆ ಕೂಡಿಡುತ್ತಿದ್ದಾರೆ. ಯಾರೋ ಏನು, ದುರ್ಬೀನಮ್ಮನೇ. ಈ ಕಟ್ಟಡದಲ್ಲಿ ಅಷ್ಟು ನೇರವಾಗಿ ಕತ್ತರಿಸುವ ಕೈ ಇನ್ನಾರದು? ಒಂದು ದಿನ ಆ ಎಳೆಗಳನ್ನೆಲ್ಲ ಗಾಜಿನ ಪಟ್ಟಿಯ ಮೇಲೆ ಸಾಲಾಗಿಟ್ಟು ಸಾಹೇಬರನ್ನು ಕರೆಯುತ್ತಾಳೆ: ಬನ್ನಿ ಸಾರ್, ನಿಮ್ಮ ಮೂಗಿನ ಮೇಡಂ ಏನು ಬರೆದಿದ್ದಾರೆ ನೋಡಿ. ಆ ಸಾಲಿನ ಮುಂದೆ ತಾನು ನಿಂತಿರುವುದನ್ನು, ಟೈಪಿಸ್ಟು ಬಾಗಿಲಿನಲ್ಲಿ ಇಣುಕುತ್ತಿರುವುದನ್ನು ಅವಳು ಎಷ್ಟು ಸ್ಪಷ್ಟವಾಗಿ ಕಂಡಳೆಂದರೆ ಅವಮಾನದ ಬಿಸಿ ಕಿವಿಗೇರಿತು. ಕೈ ಮಾತ್ರ ನಿಲ್ಲಲಿಲ್ಲ. ಹದಿನೆಂಟು, ಸರಿ. ಹತ್ತೊಂಬತ್ತು, ಸರಿ. ನೋಡಲಿ ಬಿಡು! ಮೂಗಿಲ್ಲದೆಯೂ ನಾನು ತಪ್ಪಿಲ್ಲ. ಇಪ್ಪತ್ತಾರು, ಸರಿ. ಹುಚ್ಚು ಹಿಡಿದವಳಂತೆ ನಗು ಬರುತ್ತಿತ್ತು.

ಇಪ್ಪತ್ತೇಳನೆಯದು ಕಂಬಳಿ. ತಿಳಿನೀಲಿ, ಮೆತ್ತಗೆ, ಮುಟ್ಟಿದರೆ ಮರಿಯ ಬೆನ್ನು. ಎಳೆಯನ್ನು ಬೆಂಕಿಗೆ ಹಿಡಿದಳು. ಅದು ಮುದುಡಲಿಲ್ಲ, ಹಿಂದೆ ಮುಂದೆ ನೋಡಲಿಲ್ಲ. ಭಗ್ಗೆಂದು ಹತ್ತಿಕೊಂಡು ಚಿಟಚಿಟನೆ ಉರಿಯಿತು, ಬೆಂಕಿಯಿಂದ ದೂರ ತಂದರೂ ಆರಲಿಲ್ಲ, ಕರಿಯ ಹೊಗೆ ಬಿಡುತ್ತ ಕರಗಿ ತಟ್ಟೆಗೆ ಬಿತ್ತು. ಕೆಟ್ಟ ಮೀನಿನಂಥ, ಗಂಟಲು ಹಿಡಿಯುವ ಘಾಟು. ಎಲ್ಲೋ ಅದರ ಹಿಂದೆ, ಬಹಳ ತೆಳ್ಳಗೆ, ನಾಚಿಕೊಂಡಂತೆ, ಒಂದಿಷ್ಟು ಸುಟ್ಟ ಕೂದಲು. ಅಕ್ರಿಲಿಕ್. ಮುಕ್ಕಾಲು ಪಾಲು ಅಕ್ರಿಲಿಕ್, ಹೆಸರಿಗೆ ಒಂದು ಹಿಡಿ ಉಣ್ಣೆ. ಲಕೋಟೆಯ ಮೇಲೆ ಅವಳದೇ ದುಂಡು ಅಕ್ಷರ: ಉಣ್ಣೆ, ಪೂರ್ತಿ. ಅದರ ಕೆಳಗೆ ಕಳಿಸಿದವರ ಹೆಸರು: ಆಸ್ಪತ್ರೆ, ಹಸುಗೂಸುಗಳ ವಾರ್ಡು.

ಅವಳಿಗೆ ಆ ದಿನ ನೆನಪಾಯಿತು. ಸಂಜೆ, ದೀಪದ ಎದುರು ಬಿಸಿಲು, ಜ್ವಾಲೆಯೇ ಸರಿಯಾಗಿ ಕಾಣುತ್ತಿರಲಿಲ್ಲ, ಸಾಹೇಬರು ನೆತ್ತಿಯ ಮೇಲೆ ನಿಂತು "ಉಣ್ಣೆ ತಾನೇ? ಉಣ್ಣೇನೇ ಅಲ್ವಾ?" ಎನ್ನುತ್ತಿದ್ದರು. ಹರಳು ಬೆರಳಲ್ಲಿ ಅರ್ಧ ಪುಡಿಯಾಗಿತ್ತು, ಅರ್ಧ ಗಟ್ಟಿಯಿತ್ತು. ಅರ್ಧ ಪುಡಿಯಾದದ್ದನ್ನು ನಂಬಿದ್ದಳು. ಆ ವಾರ್ಡಿನಲ್ಲಿ ತೊಟ್ಟಿಲ ಸಾಲಿನ ಮಧ್ಯೆ ಕೆಂಪಗೆ ಕಾಯುವ ಹೀಟರುಗಳಿರುತ್ತವೆ. ಅದಕ್ಕೇ ಅವರು ಉಣ್ಣೆ ಕೇಳುವುದು. ಕಿಡಿ ಬಿದ್ದರೆ ಉಣ್ಣೆ ತಾನೇ ಆರಿಕೊಳ್ಳುತ್ತದೆ. ಇದು ಆರುವುದಿಲ್ಲ. ಇದು ಕರಗಿ ಅಂಟುತ್ತದೆ. ಒಂದು ತಿಂಗಳಾಗಿದೆ, ಈಗ ಅವರು ಅದನ್ನು ಯಾವ ಮಗುವಿಗೆ ಹೊದಿಸಿ ಅಂಚು ಸಿಕ್ಕಿಸುತ್ತಿದ್ದಾರೋ. ಮೂರು ತಿಂಗಳು ತನ್ನ ಹೆಸರನ್ನು ಉಳಿಸಿಕೊಂಡ ಜಾಣತನವೆಲ್ಲ ತಟ್ಟೆಯಲ್ಲಿ ಕರಿಯ ಹರಳಾಗಿ ಬಿದ್ದಿತ್ತು. ಅವಳು ಎದ್ದಳು. ಫೋನು ಮಾಡಬೇಕು. ಮೊದಲು ವರದಿಯ ಸಂಖ್ಯೆ ಬೇಕು. ಓಡಿದಳು, ಈ ಕಾರಿಡಾರಿನಲ್ಲಿ ಅವಳು ಓಡಿದ್ದನ್ನು ಯಾರೂ ನೋಡಿರಲಿಲ್ಲ, ಟೈಪಿಸ್ಟು ಊಟದ ಡಬ್ಬಿ ಎತ್ತಿ ಹಿಡಿದು ಗೋಡೆಗೆ ಅಂಟಿಕೊಂಡ.

ಫೈಲಿನಲ್ಲಿ ಕಚೇರಿಯ ಪ್ರತಿ ಇತ್ತು. ಮೊದಲು ಕಂಡದ್ದು ಅವಳ ಸಹಿ. ಆಮೇಲೆ ಸಾಲು. ಓದಿದಳು, ಅರ್ಥವಾಗಲಿಲ್ಲ, ಬೆರಳಿಟ್ಟು ಚಿಕ್ಕ ಮಗುವಿನ ಹಾಗೆ ಮತ್ತೆ ಓದಿದಳು: ಬಹುಪಾಲು ಅಕ್ರಿಲಿಕ್, ಬೇಗ ಹೊತ್ತಿಕೊಳ್ಳುವಂಥದು, ಹಸುಗೂಸುಗಳಿಗೆ ತಕ್ಕುದಲ್ಲ. ಹಿಂದೆ ಪಿನ್ನು ಚುಚ್ಚಿಟ್ಟ ಆಸ್ಪತ್ರೆಯ ಕಾಗದ: ಮಾಲನ್ನು ಹಿಂದಿರುಗಿಸಿದ್ದೇವೆ, ವಂದನೆಗಳು. ಅದರ ಹಿಂದೆ ಅವಳೇ ಬರೆದ ಚೀಟಿ. "ಉಣ್ಣೆ, ಪೂರ್ತಿ" ಎಂಬುದರ ಮೇಲೆ ಅಳತೆಪಟ್ಟಿ ಇಟ್ಟು ಎಳೆದಂಥ ಒಂದು ಗೆರೆ. ಪಕ್ಕದಲ್ಲಿ ಗಟ್ಟಿ ಪೆನ್ಸಿಲಿನ ಸಣ್ಣ, ಮುಳ್ಳಿನಂಥ ಅಕ್ಷರ. ಹೆಸರಿಲ್ಲ, ತಾರೀಕಿಲ್ಲ. ಟೈಪಿಸ್ಟು ಅದನ್ನೇ ಟೈಪು ಮಾಡಿದ್ದಾನೆ. ಸಂಜೆ ಬಸ್ಸಿನ ಅವಸರದಲ್ಲಿ ಅವಳು ರಾಶಿಯ ಜೊತೆ ಅದಕ್ಕೂ ಸಹಿ ಹಾಕಿದ್ದಾಳೆ, ಓದದೆ. ಒಂದು ಅಲ್ಪವಿರಾಮ ತಪ್ಪಿದರೆ ಟೈಪಿಸ್ಟನನ್ನು ಕರೆದು ತಿದ್ದಿಸುತ್ತಿದ್ದವಳು.

ಅವಳು ಒಳಕೋಣೆಗೆ ಹಿಂತಿರುಗಿ ಕುರ್ಚಿಯಲ್ಲಿ ಕುಳಿತಳು. ಮಕ್ಕಳು ಬದುಕಿದವು ಎಂಬ ಸಂತೋಷ ಮೊದಲು ಬಂತು, ಅದರ ಬೆನ್ನಿಗೇ ಕೋಪ ಬಂತು, ಯಾರು ಹೇಳಿದರು ಇವಳಿಗೆ ನನ್ನ ಕೆಲಸ ತಿದ್ದು ಅಂತ? ಮೂರು ತಿಂಗಳು ನಾನು ಸೂಕ್ಷ್ಮದರ್ಶಕದ ಕೆಳಗೆ ಬಿದ್ದಿದ್ದೆ, ನನಗೇ ಗೊತ್ತಿಲ್ಲದೆ! ಕೋಪವನ್ನು ಬೆಂಕಿಗೆ ಹಿಡಿದು ನೋಡಿದಳು, ಉರಿಯಲಿಲ್ಲ. ದಿನಾ ಸಂಜೆ ಎಲ್ಲರೂ ಹೋದ ಮೇಲೆ ಗಾಜಿನಾಚೆ ಒಂದು ದೀಪ ಉಳಿದಿರುತ್ತಿತ್ತು. "ಮನೇಲಿ ಯಾರಿದಾರೆ ಅಂತ ಓಡಲಿ," ಎನ್ನುತ್ತಿದ್ದಳು ದುರ್ಬೀನಮ್ಮ, ಸಂಜೆ ಬಸ್ಸಿಗೆ ಓಡುವ ತನಗೆ ಹೇಳಿದ ಚುಚ್ಚುಮಾತು ಅದು ಎಂದೇ ಅವಳು ತಿಳಿದಿದ್ದಳು.

ಆಗ ವಾಸನೆ ಬಂತು. ಸಿಹಿ, ಆಮೇಲೆ ಸ್ವಲ್ಪ ಕಮಟು, ಆಮೇಲೆ ತಳ ಹಿಡಿಯುತ್ತಿರುವ ಹಾಲು. ಕಾರಿಡಾರಿನ ಆ ತುದಿಯಿಂದ, ಎರಡು ಬಾಗಿಲು ದಾಟಿ. ಅವಳು ಯೋಚಿಸುವ ಮೊದಲೇ ಕಾಲು ಹೊರಟಿತ್ತು. ಕಾಫಿಯ ಮೂಲೆಯಲ್ಲಿ ಹಾಲು ಉಕ್ಕಿ ಒಲೆಯ ಸುತ್ತ ಹರಿಯುತ್ತಿತ್ತು. ಅದರಿಂದ ಎರಡು ಮೊಳ ದೂರದಲ್ಲಿ, ಸ್ಟೂಲಿನ ಮೇಲೆ, ಕೈ ಕಟ್ಟಿಕೊಂಡು ದುರ್ಬೀನಮ್ಮ ಕುಳಿತಿದ್ದಳು. ಹಾಲನ್ನಲ್ಲ, ಬಾಗಿಲನ್ನು ನೋಡುತ್ತ.

ಅವಳು ಒಲೆ ಆರಿಸಿದಳು. ಬಟ್ಟೆ ತೆಗೆದುಕೊಂಡು ಒರೆಸತೊಡಗಿದಳು. ಹತ್ತಿಯ ಬಟ್ಟೆ, ಹಾಲನ್ನು ಗಟಗಟ ಕುಡಿಯಿತು.

"ಪಕ್ಕದಲ್ಲೇ ಇದ್ದೀರಲ್ಲ ಮೇಡಂ, ಆರಿಸಬಾರದಿತ್ತಾ?"

"ಏನೋ ಯೋಚನೆ ಮಾಡ್ತಿದ್ದೆ," ಎಂದಳು ದುರ್ಬೀನಮ್ಮ.

ಒರೆಸುವ ಕೈ ನಿಂತಿತು.

"ಬೆಳಿಗ್ಗೆ ಆ ಟೈ ಸುಟ್ಟೆಯಲ್ಲ, ರೇಯಾನು ತಾನೇ?"

"ಹ್ಞೂಂ."

"ನನಗೆ ಅಲ್ಲಿಂದಲೇ ಅನ್ನಿಸ್ತು. ಅದರ ಹೊಳಪು ನೋಡಿದರೆ ಗೊತ್ತಾಗಲ್ವಾ. ನೀನು ಬೂದಿ ನೋಡೋಕೂ ಮುಚ್ಚಿದ ಕಣ್ಣು ತೆರೀಲೇ ಇಲ್ಲ." ದುರ್ಬೀನಮ್ಮ ಎದ್ದು, ಬೆನ್ನು ಹಿಡಿದುಕೊಂಡು ನೆಟ್ಟಗಾದಳು. "ಸದ್ಯ. ಇನ್ನು ನಾನು ಸಂಜೆ ಹೊತ್ತಿಗೆ ಸರಿಯಾಗಿ ಮನೆಗೆ ಹೋಗಬಹುದು. ಕತ್ತರಿ ಹಿಡಿದೂ ಹಿಡಿದೂ ಹೆಬ್ಬೆರಳು ಹೋಯ್ತು ನಂದು."

"ಮೇಡಂ, ಆ ಕಂಬಳಿ..."

"ಯಾವ ಕಂಬಳಿ? ಈ ಸೆಕೇಲಿ ಕಂಬಳಿ ಯಾರಿಗಮ್ಮಾ ಬೇಕು?" ಬಾಗಿಲ ತನಕ ಹೋದವಳು ತಿರುಗಿದಳು. "ಪಾತ್ರೆ ಉಜ್ಜಿಡು. ಹೋದ ಸಲದ್ದು ನಾನು ಉಜ್ಜಿದ್ದೆ."

ಅವಳು ಪಾತ್ರೆ ಉಜ್ಜಿದಳು. ತಳದಲ್ಲಿ ಕಪ್ಪಗೆ ಕಟ್ಟಿದ್ದನ್ನು ಕೆರೆಯುತ್ತ, ಮೂಗು ತುಂಬ ಆ ಕಮಟನ್ನು ಎಳೆದುಕೊಳ್ಳುತ್ತ, ಕಣ್ಣಲ್ಲಿ ನೀರು ಸುರಿಯುತ್ತಿದ್ದರೂ ನಿಲ್ಲಿಸದೆ, ಹೊಗೆಗೆ ಎಂದುಕೊಳ್ಳುತ್ತ. ಸಾಹೇಬರಿಗೆ ಹೇಳಿದರೆ ಮೊದಲು ಆ ಪೆನ್ಸಿಲಿನ ಗೆರೆಯ ವಿಚಾರಣೆಯಾಗುತ್ತದೆ: ಇನ್ನೊಬ್ಬರ ಚೀಟಿ ತಿದ್ದಿದವರು ಯಾರು, ಯಾವ ಅಧಿಕಾರದಲ್ಲಿ? ನಿವೃತ್ತಿಗೆ ಎಂಟು ತಿಂಗಳಿರುವ ಹೆಂಗಸಿಗೆ. ಹಾಗೆಂದು ತನ್ನನ್ನೇ ಸಮಾಧಾನ ಮಾಡಿಕೊಂಡಳು, ಸಮಾಧಾನದ ಒಳಗೆ ತನ್ನ ಹೆದರಿಕೆಯ ಎಳೆಯೂ ಬೆರೆತಿದೆ ಎಂದು ಅವಳಿಗೆ ಗೊತ್ತಿತ್ತು. ಎಷ್ಟು ಪಾಲು ಎಂದು ಹೇಳುವ ಮೂಗು ಅವಳಿಗಿರಲಿಲ್ಲ. ಉಳಿದ ಹನ್ನೆರಡು ಲಕೋಟೆಗಳನ್ನು ಸುಡದೆ ಬೀರುವಿನೊಳಗೆ ಇಟ್ಟಳು. ಸುಡುವ ಅಗತ್ಯವಿರಲಿಲ್ಲ, ಎಲ್ಲದರ ಎಡಮೂಲೆಯಲ್ಲೂ ಆ ಚೊಕ್ಕ ಗಾಯ ಇದ್ದೇ ಇತ್ತು. ಆಮೇಲೆ ಟೈಪಿಸ್ಟು ಸಹಿಗೆ ತಂದಿಟ್ಟ ರಾಶಿಯನ್ನು ಮುಂದಕ್ಕೆಳೆದುಕೊಂಡು, ಒಂದೊಂದು ಸಾಲಿಗೂ ಬೆರಳಿಟ್ಟು ಓದತೊಡಗಿದಳು. ಆರು ಗಂಟೆಯಾದಾಗ ಗಾಜಿನಾಚೆ ದೀಪ ಆರಿತು. ಮೂರು ತಿಂಗಳಲ್ಲಿ ಮೊದಲ ಸಲ ಅವಳೇ ಕೊನೆಗೆ ಉಳಿದಿದ್ದಳು.

ಮನೆಗೆ ಬಂದಾಗ ಅತ್ತೆ ಸುಟ್ಟ ಕಾಲುಚೀಲವನ್ನು ಕೈಯಲ್ಲಿ ಹಿಡಿದು ಬಾಗಿಲಲ್ಲೇ ಕುಳಿತಿದ್ದರು. "ಏನೇ, ಮುಖ ಇಷ್ಟು ಕೆಂಪಗಿದೆ? ಏನಾಯ್ತು ಇವತ್ತು?"

ಅತ್ತೆಯ ಕೈಯಲ್ಲಿ ಮೇಣದ ವಾಸನೆ ಇನ್ನೂ ಇತ್ತು. ಅವಳು ಪಕ್ಕದಲ್ಲಿ ಕುಳಿತು, ಅವರ ಭುಜಕ್ಕೆ ಮೂಗೊತ್ತಿ ಉದ್ದಕ್ಕೆ ಉಸಿರೆಳೆದಳು. ಹತ್ತಿ, ಸೋಪು, ಮುದಿತನ. ಹೇಳಲು ಬಾಯಿ ತುಂಬಿ ಬಂದಿತ್ತು. ಇದನ್ನು ಯಾರಿಗೂ, ಎಂದಿಗೂ, ಹೇಳುವುದಿಲ್ಲ ಎಂದು ಆ ಉಸಿರು ಮುಗಿಯುವುದರೊಳಗೆ ತೀರ್ಮಾನವಾಗಿತ್ತು.

"ಹಾಲು ಉಕ್ತು ಅತ್ತೆ," ಎಂದಳು. "ಅಷ್ಟೆ."